ಭಾರ ಹೊತ್ತ ಎಲುಬು

ಕನ್ನಡದ ಆಡುನುಡಿಯಲ್ಲಿ ಎಲುಬಿಗೆ ಎರಡು ಮುಖಗಳಿವೆ. ಆಧಾರವಾಗಿ ನಿಂತವನನ್ನು ಮನೆಯ ಬೆನ್ನೆಲುಬು ಎನ್ನುತ್ತಾರೆ. ಸೊರಗಿದವನನ್ನು ಎಲುಬಿನ ಹಂದರ ಎನ್ನುತ್ತಾರೆ. ಎರಡರಲ್ಲಿಯೂ ಎಲುಬೆಂದರೆ ಗಟ್ಟಿಯಾದ, ಒಣಗಿದ, ಇನ್ನು ಬದಲಾಗದ ವಸ್ತು ಎಂಬ ಭಾವನೆಯೇ ಅಡಗಿದೆ. ಚಿತೆಯಲ್ಲಿ ಎಲ್ಲವೂ ಉರಿದ ಮೇಲೆ ಉಳಿಯುವುದು ಅಸ್ಥಿಯೆಂಬ ಅನುಭವ ಈ ಭಾವನೆಯನ್ನು ಬಲಪಡಿಸಿರಬೇಕು. ಆದರೆ ಜೀವಂತ ದೇಹದೊಳಗಿನ ಎಲುಬಿನ ಸ್ವರೂಪವೇ ಬೇರೆ. ಅದಕ್ಕೆ ರಕ್ತನಾಳಗಳಿವೆ, ನರಗಳಿವೆ. ಅದು ನೋಯುತ್ತದೆ, ಬೆಳೆಯುತ್ತದೆ, ಸವೆಯುತ್ತದೆ, ಮುರಿದರೆ ತನ್ನನ್ನು ತಾನೇ ಬೆಸೆದುಕೊಳ್ಳುತ್ತದೆ.

ಪ್ರಾಚೀನ ವೈದ್ಯರಿಗೆ ಈ ಸಜೀವತೆಯ ಸುಳಿವು ಇದ್ದಂತೆ ತೋರುತ್ತದೆ. ಚರಕಸಂಹಿತೆಯಲ್ಲಿ 360, ಸುಶ್ರುತಸಂಹಿತೆಯಲ್ಲಿ 300 ಎಂದಿರುವ ಎಲುಬುಗಳ ಎಣಿಕೆ ಇಂದಿನ ಅಂಗರಚನಾಶಾಸ್ತ್ರದಲ್ಲಿ 206ಕ್ಕೆ ನಿಂತಿದೆ. ಹಲ್ಲು, ಮೃದ್ವಸ್ಥಿ ಮೊದಲಾದವನ್ನೂ ಹಿಂದಿನವರು ಎಲುಬೆಂದೇ ಎಣಿಸಿದ್ದು ಈ ಅಂತರಕ್ಕೆ ಒಂದು ಕಾರಣ. ಸುಶ್ರುತನು ಮೃದ್ವಸ್ಥಿಯನ್ನು ‘ತರುಣ’ವೆಂದು ಕರೆದಿರುವುದು ಅರ್ಥಪೂರ್ಣವಾಗಿದೆ, ಕೈಕಾಲುಗಳ ಎಲುಬುಗಳು ಗರ್ಭದಲ್ಲಿ ಮೊದಲು ಮೃದ್ವಸ್ಥಿಯಾಗಿಯೇ ರೂಪುಗೊಂಡು ಅನಂತರ ಗಟ್ಟಿಯಾಗುತ್ತವೆ. ಕೀಲುಗಳ ವಿಷಯದಲ್ಲಿ ಅವನು ಕೊಡುವ ಉಪಮೆ ದೋಣಿಯದು. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿ ನೀರಿನಲ್ಲಿ ಭಾರ ತಾಳುವಂತೆ, ಕೀಲುಗಳು ಸ್ನಾಯುಗಳಿಂದ ಬಿಗಿಯಲ್ಪಟ್ಟಿರುವುದರಿಂದ ಮನುಷ್ಯನು ಭಾರ ತಾಳುತ್ತಾನೆ ಎಂಬುದು ಅದರ ತಾತ್ಪರ್ಯ. ಇಲ್ಲಿ ಸ್ನಾಯುವೆಂದರೆ ಇಂದಿನ ಕನ್ನಡದಲ್ಲಿ ಬಳಕೆಯಲ್ಲಿರುವ ಮಾಂಸಖಂಡವೆಂಬ ಅರ್ಥವಲ್ಲ. ಎಲುಬನ್ನು ಎಲುಬಿಗೆ ಬಿಗಿಯುವ ಹುರಿ ಎಂದರ್ಥ.

ಆ ಹುರಿಗೂ ಎಲುಬಿಗೂ ಮೂಲದ್ರವ್ಯ ಒಂದೇ ಎಂಬುದು ಆಧುನಿಕ ವಿಜ್ಞಾನದ ತಿಳಿವು. ಎರಡೂ ಸಂಯೋಜಕ ಅಂಗಾಂಶದ ಬೇರೆ ಬೇರೆ ರೂಪಗಳು. ಎರಡರಲ್ಲಿಯೂ ಕೊಲಾಜೆನ್ ಎಂಬ ಪ್ರೋಟೀನಿನ ನಾರು ಇದೆ. ಆ ನಾರಿನ ಅಣು ಮೂರು ಎಳೆಗಳನ್ನು ಹೊಸೆದಂತಿದೆ ಎಂದು 1954ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಪ್ರತಿಪಾದಿಸಿದರು. ಎಲುಬಿನಲ್ಲಿ ಈ ನಾರಿನ ನಡುವೆ ಕ್ಯಾಲ್ಸಿಯಂ ಮತ್ತು ರಂಜಕಗಳಿಂದಾದ ಹರಳುಗಳು ಸೇರಿಕೊಳ್ಳುತ್ತವೆ. ಕೋಳಿಯ ಎಲುಬನ್ನು ಕೆಲವು ದಿನ ವಿನಿಗರಿನಲ್ಲಿ ನೆನೆಹಾಕಿದರೆ ಹರಳು ಕರಗಿ ಅದು ರಬ್ಬರಿನಂತೆ ಬಾಗುತ್ತದೆ. ಬೆಂಕಿಯಲ್ಲಿ ಸುಟ್ಟರೆ ನಾರು ನಾಶವಾಗಿ, ಒತ್ತಿದರೆ ಪುಡಿಯಾಗುತ್ತದೆ. ಚಿತೆಯಿಂದ ಆಯ್ದು ತರುವ ಅಸ್ಥಿ, ಹಾಗೆ ನೋಡಿದರೆ, ಅರ್ಧ ಎಲುಬು ಮಾತ್ರ.

ಎಲುಬನ್ನು ಕಟ್ಟುವ ಜೀವಕೋಶಗಳೂ ಕೆಡಹುವ ಜೀವಕೋಶಗಳೂ ಜೀವಮಾನವಿಡೀ ದುಡಿಯುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗ ಪ್ರತಿವರ್ಷವೂ ಹೊಸದಾಗುತ್ತದೆ. ಭಾರ ಬೀಳುವ ದಿಕ್ಕಿಗೆ ಅನುಗುಣವಾಗಿ ಎಲುಬು ತನ್ನ ಕಟ್ಟಡವನ್ನು ಮಾರ್ಪಡಿಸಿಕೊಳ್ಳುತ್ತದೆ ಎಂಬ ತತ್ತ್ವವನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರ ತನ್ನ ಗ್ರಂಥದಲ್ಲಿ ಮಂಡಿಸಿದನು. ಆದರೆ ಉದ್ದಕ್ಕೆ ಬೆಳೆಯುವ ಅವಕಾಶ ಮಾತ್ರ ಅಲ್ಪಕಾಲದ್ದು. ನೀಳ ಎಲುಬುಗಳ ತುದಿಯ ಬಳಿಯಿರುವ ಮೃದ್ವಸ್ಥಿಯ ಪದರ ಹದಿಹರೆಯ ಮುಗಿಯುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಎಲುಬಿನ ಸಾಂದ್ರತೆಯೂ 30ರ ಆಸುಪಾಸಿನಲ್ಲಿ ತನ್ನ ಮೇಲ್ಮಟ್ಟವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದಿನದು ಕೂಡಿಟ್ಟದ್ದನ್ನು ಖರ್ಚು ಮಾಡುವ ಕಾಲ.

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ಸಂಗತಿ ಮನಸ್ಸನ್ನು ಕಾಡುತ್ತದೆ. ಕರಾವಳಿಯ ಹಳ್ಳಿಗಳಿಂದ ಮೊದಲು ಹಡಗಿನಲ್ಲಿ, ಅನಂತರ ಬಸ್ಸಿನಲ್ಲಿ ಬಂದು ಫೋರ್ಟ್, ಗಿರಗಾಂವ್, ಮಾಟುಂಗಗಳ ಹೋಟೆಲುಗಳನ್ನು ಸೇರಿದವರಲ್ಲಿ ಅನೇಕರು 12-13ರ ಹರೆಯದ ಹುಡುಗರು. ಅವರ ಎಲುಬು ಇನ್ನೂ ಸುಶ್ರುತನ ‘ತರುಣ’ವನ್ನು ಒಳಗಿಟ್ಟುಕೊಂಡಿದ್ದ ಪ್ರಾಯ ಅದು. ಹೊಟ್ಟೆಗೆ ಊಟ ಸಿಕ್ಕಿತು; ಎಷ್ಟೋ ತಾಯಂದಿರು ಅದಕ್ಕಾಗಿಯೇ ಮಗನನ್ನು ಕಳಿಸಿದ್ದರು. ಆದರೆ ಹಗಲೆಲ್ಲ ಹಿಟ್ಟು ರುಬ್ಬಿ, ನೀರು ಹೊತ್ತು, ಮೇಜು ಒರಸಿ, ಸಂಜೆ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು, ಮರಳಿ ಬಂದು ಹೋಟೆಲಿನ ಮೇಜುಗಳ ಮೇಲೆಯೇ ಮಲಗುತ್ತಿದ್ದ ಹುಡುಗನಿಗೆ ಬಿಸಿಲು ಸಿಗಲಿಲ್ಲ, ನಿದ್ದೆ ಸಾಲಲಿಲ್ಲ. ಉಂಡ ಅನ್ನದಲ್ಲಿನ ಕ್ಯಾಲ್ಸಿಯಂ ದೇಹಕ್ಕೆ ದಕ್ಕಬೇಕಾದರೆ ವಿಟಮಿನ್ ಡಿ ಬೇಕು. ಅದು ಬಿಸಿಲು ಬಿದ್ದ ಚರ್ಮದಲ್ಲಿ ತಯಾರಾಗುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢನಿದ್ದೆಯಲ್ಲಿ. ಭಾರವೊಂದೇ ಎಲುಬನ್ನು ಕಟ್ಟಲಾರದು.

14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದಕ್ಕೆ ದೇಶದಲ್ಲಿ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಆ ವೇಳೆಗೆ ಹಿಂದಿನ ಹುಡುಗರಲ್ಲಿ ಕೆಲವರು ಹೋಟೆಲಿನ ಧಣಿಗಳಾಗಿದ್ದರು, ವಕೀಲರೂ ಅಧ್ಯಾಪಕರೂ ಆಗಿದ್ದರು. ಹಲವರು ಹೆಸರಿಲ್ಲದೆ ಊರಿಗೆ ಮರಳಿದ್ದರು. ರಾತ್ರಿಶಾಲೆ, ಸಮಾಜದ ಸಂಘ, ಭಜನಾಮಂಡಳಿ, ಯಕ್ಷಗಾನದ ಕೂಟ ಇವೆಲ್ಲ ಆ ದೋಣಿಯ ಕಟ್ಟುಗಳಾಗಿದ್ದವು. ಬಿಡಿ ಹಲಗೆಯಾಗಿ ತೇಲಿಹೋಗಬಹುದಾಗಿದ್ದ ಹುಡುಗ ಭಾರ ತಾಳಿದ್ದು ಅವುಗಳ ಬಿಗಿತದಿಂದ. ಆ ಸಂಸ್ಥೆಗಳ ಬೆಳವಣಿಗೆಯನ್ನು ಸ್ಮರಣಸಂಚಿಕೆಗಳು ಅಭಿಮಾನದಿಂದ ದಾಖಲಿಸಿವೆ. ಅವನ್ನು ಕಟ್ಟಿದ ದೇಹಗಳ ಬೆಳವಣಿಗೆಯೂ ಚರಿತ್ರೆಯ ವಿಷಯವೇ. ಡೊಂಬಿವಲಿ, ಮೀರಾರೋಡುಗಳ ಮನೆಗಳಲ್ಲಿ ಮೆಟ್ಟಿಲಿಳಿಯಲಾರದೆ ಕುಳಿತ ಹಿರಿಯರಲ್ಲಿ ಆ ತಲೆಮಾರಿನವರು ಇನ್ನೂ ಇದ್ದಾರೆ. ಅವರ ಮಾತನ್ನು ಸಂಗ್ರಹಿಸಲು ಹೋಗುವ ಕನ್ನಡ ವಿದ್ಯಾರ್ಥಿ, ಯಾವ ಸಂಘಕ್ಕೆ ಎಷ್ಟು ವರ್ಷ ಅಧ್ಯಕ್ಷರಾಗಿದ್ದಿರಿ ಎಂಬುದರ ಜೊತೆಗೆ, ಎಷ್ಟನೆಯ ವಯಸ್ಸಿಗೆ ಬಂದಿರಿ, ಎಲ್ಲಿ ಮಲಗುತ್ತಿದ್ದಿರಿ, ಎಷ್ಟು ಹೊತ್ತು ಮಲಗುತ್ತಿದ್ದಿರಿ ಎಂದೂ ಕೇಳುವುದು ಉಚಿತ. ಈ ನಗರದ ಕನ್ನಡ ಎಷ್ಟು ಎಳೆಯ ಎಲುಬುಗಳ ಮೇಲೆ ನಿಂತಿದೆ ಎಂಬುದು ಆ ಉತ್ತರಗಳಿಂದ ತಿಳಿದೀತು.