ಹೋಟೆಲಿನವರ ಕ್ಷಮಾಪಣೆ

ಹೂಡಿಯ ನಮ್ಮ ಹಳೆಯ ಮನೆಯನ್ನು ಕೆಡವುವುದೆಂದು ನಿಶ್ಚಯವಾದ ಮೇಲೆ ಅಟ್ಟವನ್ನು ಬರಿದುಮಾಡುವ ಕೆಲಸವು ನನ್ನ ಪಾಲಿಗೆ ಬಂದಿತು. ತಾತನವರ ತಗಡಿನ ಪೆಟ್ಟಿಗೆಯಲ್ಲಿ, ಪಂಚಾಂಗಗಳ ಅಡಿಯಲ್ಲಿ, ಅಮೆರಿಕೆಯ ಸಚಿತ್ರ ಪತ್ರಿಕೆಗಳ ಕಟ್ಟೊಂದು ದೊರೆಯಿತು. ಅವು ಈ ಊರಿಗೆ ಬಂದ ಬಗೆ ವಿಚಿತ್ರವೇನೂ ಅಲ್ಲ. 1940ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಬೆಂಗಳೂರಿನ ವಿಮಾನ ಕಾರ್ಖಾನೆಯು 1943ರಲ್ಲಿ ಅಮೆರಿಕೆಯ ವಾಯುಸೇನೆಯ ಆಡಳಿತಕ್ಕೆ ಒಳಪಟ್ಟಿತು. ಯುದ್ಧದ ವಿಮಾನಗಳು ಅಲ್ಲಿಗೆ ದುರಸ್ತಿಗಾಗಿ ಬರುತ್ತಿದ್ದವು. ತಾತನವರು ಅಲ್ಲಿ ಉಗ್ರಾಣದ ಗುಮಾಸ್ತರು. ಸೈನಿಕರು ಓದಿ ಬಿಸುಟುದನ್ನು ಆಯ್ದು ತರುತ್ತಿದ್ದರು.

ಯುದ್ಧವಾರ್ತೆಗಳಿಗಿಂತ ಹೆಚ್ಚಾಗಿ ನನ್ನನ್ನು ಸೆಳೆದುವು ಹೋಟೆಲುಗಳ ಜಾಹೀರಾತುಗಳು. ಗಿರಾಕಿಯನ್ನು ‘ಬನ್ನಿರಿ’ ಎಂದು ಕರೆಯುವುದು ಜಾಹೀರಾತಿನ ಧರ್ಮವಷ್ಟೆ? ಇವಾದರೋ ಕೈಮುಗಿದು ಬಿನ್ನವಿಸುತ್ತವೆ: ಮುಂಚಿತವಾಗಿ ತಿಳಿಸದೆ ಬರಬೇಡಿ; ಬೇಡವಾದ ಕೋಣೆಯನ್ನು ಕೂಡಲೆ ಬಿಟ್ಟುಕೊಡಿ; ನಮ್ಮ ಆಳುಗಳು ಸೇನೆಗೆ ಹೋಗಿರುವರು, ಊಟ ತಡವಾದರೆ ಮನ್ನಿಸಿ; ಮಿಕ್ಕ ಹಣದಿಂದ ಯುದ್ಧದ ಬಾಂಡುಗಳನ್ನು ಕೊಳ್ಳಿ. 1942ರ ನವೆಂಬರಿನಿಂದ ಮುಂದಿನ ಜುಲೈವರೆಗೆ ಆ ದೇಶದಲ್ಲಿ ಕಾಫಿಗೂ ರೇಷನ್ ಇದ್ದಿತು. ಷಿಕಾಗೋವಿನ ಸ್ಟೀವನ್ಸ್ ಹೋಟೆಲನ್ನು 1942ರಲ್ಲಿ ಸೈನ್ಯವೇ ಕೊಂಡುಕೊಂಡಿತು. ಹೊನೊಲುಲುವಿನ ರಾಯಲ್ ಹವಾಯಿಯನ್ ನೌಕಾಪಡೆಯ ವಿಶ್ರಾಂತಿಗೃಹವಾಯಿತು. ಕೊಡಲು ಕೋಣೆಯಿಲ್ಲದಿದ್ದರೂ ಜನರು ಹೆಸರನ್ನು ಮರೆಯಬಾರದೆಂದು ಜಾಹೀರಾತು! ವ್ಯಾಪಾರಿಯ ಜಾಣತನಕ್ಕೆ ತಲೆದೂಗಲೇಬೇಕು.

ಹೀಗೆ ನಗುತ್ತ ಹಾಳೆ ಮಗುಚುತ್ತಿದ್ದವನು ಒಂದೆಡೆ ನಿಂತೆನು. ಬೆಣ್ಣೆ ಕಡಮೆಯಾದುದಕ್ಕೆ ಪರಿಚಾರಕನೊಬ್ಬನು ಬಾಗಿ ಕ್ಷಮೆ ಕೇಳುವ ಚಿತ್ರ. ಅದರ ಅಂಚಿನಲ್ಲಿ ತಾತನವರ ಸೀಸದಕಡ್ಡಿಯ ಬರಹ: ‘ಅಕ್ಕಿ 2 ಸೇರು. ರಾಗಿ ಸಿಕ್ಕಲಿಲ್ಲ.’

1942ರಲ್ಲಿ ಬರ್ಮವು ಜಪಾನರ ಕೈಸೇರಿದೊಡನೆ ಅಲ್ಲಿಯ ಅಕ್ಕಿ ನಿಂತುಹೋಯಿತು. 1943ರಲ್ಲಿ ಬಂಗಾಳದಲ್ಲಿ ಲಕ್ಷೋಪಲಕ್ಷ ಜನ ಹಸಿವಿನಿಂದ ಸತ್ತರು. ನಮ್ಮ ಬೆಂಗಳೂರಿನಲ್ಲಿ ಮಾವಳ್ಳಿ ಟಿಫನ್ ರೂಮಿನವರು ಅಕ್ಕಿಯ ಅಭಾವದಿಂದಲೇ ರವೆ ಇಡ್ಲಿಯನ್ನು ಹುಡುಕಿದರೆಂದು ಪ್ರತೀತಿ. ಅದನ್ನು ನಾನು ಎಷ್ಟೋ ಸಲ ಚಪ್ಪರಿಸಿ ತಿಂದಿದ್ದೇನೆ. ಅದರ ಹಿಂದಿನ ಬರವನ್ನು ನೆನೆದವನಲ್ಲ.

ನಮ್ಮ ಅಜ್ಜಿ ಎಲ್ಲರಿಗೂ ಬಡಿಸಿದ ಮೇಲೆ “ನನಗೆ ಹಸಿವಿಲ್ಲ ಕಣೋ” ಎನ್ನುತ್ತಿದ್ದರು. ಅನ್ನ ತುಂಬಿದ ಮನೆಯಲ್ಲಿಯೂ ಮುದುಕಿಯಾಗುವವರೆಗೆ ಅದೇ ಮಾತು. ನಾವು ಮೊಮ್ಮಕ್ಕಳು ಅದನ್ನು ಅಣಕಿಸಿ ಹಾಡುತ್ತಿದ್ದೆವು, ಅವರೂ ನಗುತ್ತಿದ್ದರು.

“ರದ್ದಿಯವನು ಬಂದಿದ್ದಾನೆ, ಕೊಡಲೇನಪ್ಪ?” ಎಂದು ಮಗನು ಕೆಳಗಿನಿಂದ ಕೂಗಿದನು. ಕಟ್ಟನ್ನು ಇಳಿಸಿಕೊಟ್ಟೆನು. ಆ ಒಂದು ಹಾಳೆಯನ್ನು ಮಾತ್ರ ಮಡಿಸಿ ಜೇಬಿನಲ್ಲಿ ಇರಿಸಿಕೊಂಡೆನು.