ಅಡುಗೆಮನೆಯಲ್ಲಿ ಎರಡು ನಲ್ಲಿ

ಅಮೆರಿಕದ ಮಿಲ್ವಾಕಿ ಬಿಯರಿನ ಊರು. ಜರ್ಮನಿಯಿಂದ ವಲಸೆ ಬಂದವರು ಹತ್ತೊಂಬತ್ತನೇ ಶತಮಾನದಲ್ಲೇ ಇಲ್ಲಿ ಪ್ಯಾಬ್ಸ್ಟ್, ಶ್ಲಿಟ್ಜ್, ಮಿಲ್ಲರ್ ಎಂದು ಒಂದರ ಹಿಂದೊಂದು ಕಾರ್ಖಾನೆ ಕಟ್ಟಿದರು. ಊರಿನ ಬೇಸ್‌ಬಾಲ್ ತಂಡದ ಹೆಸರೇ ಬ್ರೂವರ್ಸ್. ಹಳೆಯ ಮನೆಗಳಲ್ಲಿ ನೆಲಮಾಳಿಗೆಗೆ ಇಳಿದರೆ ಮೂಲೆಯಲ್ಲಿ ಪುಟ್ಟದೊಂದು ಬಾರ್ ಕಟ್ಟೆ ಕಾಣುವುದು ಮಾಮೂಲು. ನನ್ನ ಮಗನ ಮನೆಯಲ್ಲೂ ಒಂದಿದೆ. ಸೊಸೆ ಅದರ ಮೇಲೆ ಒಗೆದ ಬಟ್ಟೆ ಮಡಚಿಡುತ್ತಾಳೆ. ಹೀಗಾಗಿ ಮಗ ಮನೆಯಲ್ಲೇ ಮಾಡುವ ಬಿಯರಿನ ನಲ್ಲಿಗೆ ಅಡುಗೆಮನೆಯೇ ಗತಿಯಾಯಿತು.

ಸಂಕ್ರಾಂತಿ ಮುಗಿಸಿ ನಾನು ಮೈಸೂರು ಬಿಡುವ ಮೊದಲೇ ಫೋನಿನಲ್ಲಿ ಅಪ್ಪಣೆಯಾಗಿತ್ತು. “ಅಮ್ಮಾ, ಚನ್ನಪಟ್ಟಣದಲ್ಲಿ ಎರಡು ಮರದ ಹಿಡಿ ಮಾಡಿಸ್ಕೊಂಡು ಬಾ. ಒಂದು ಹಳದಿ, ಒಂದು ಕೆಂಪು. ಬುಡದಲ್ಲಿ ತೂತು ಬಿಟ್ಟಿರ್ಲಿ, ತಿರುಪು ನಾನೇ ಕೂರಿಸ್ಕೋತೀನಿ.” ಹೋದೆ. ಅರಗಿನ ಬಣ್ಣ ಹಚ್ಚುತ್ತಿದ್ದ ಮುದುಕಪ್ಪ ಕೇಳಿದ, “ಯಾತಕ್ಕಮ್ಮ ಇದು?” ನಲ್ಲಿಗೆ ಅಂದೆ. “ನಲ್ಲಿಗಾ! ಇಷ್ಟು ಚೆಂದದ ಹಿಡಿ ಹಾಕಿದ್ರೆ ಅದ್ರಲ್ಲಿ ಯಾವ ನೀರು ಬರತ್ತೆ, ಕಾವೇರಿನಾ?” “ಹೂಂನಪ್ಪ, ಆ ಊರಿನ ಕಾವೇರಿ” ಅಂದುಬಿಟ್ಟೆ. ಅವನು ಖುಷಿಯಾಗಿ ಇನ್ನೊಂದು ಸುತ್ತು ಹೊಳಪು ಕೊಟ್ಟ.

ಸೊಸೆಯ ಷರತ್ತು ಒಂದೇ: “ಬಾರ್ ಥರ ಕಾಣಬಾರದು, ಲ್ಯಾಬ್ ಥರಾನೂ ಕಾಣಬಾರದು.” ಆಯುಸ್ಸೆಲ್ಲ ಹೆಣ್ಣುಮಕ್ಕಳ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲೇ ಸವೆಸಿದ ನನಗೆ ಮಾತಿನ ಎರಡನೆಯ ಭಾಗ ಸ್ವಲ್ಪ ಚುಚ್ಚಿತು. ಆದರೂ ಅವಳ ಹಟದಿಂದಲೇ ಅದು ನೋಡುವ ಹಾಗೆ ಆಯಿತು ಅನ್ನಬೇಕು. ಕಟ್ಟೆಯ ಕೆಳಗಿನ ಗಿಡ್ಡ ಫ್ರಿಜ್ಜಿನ ಬಾಗಿಲಿಗೆ ಬೀರುಗಳಿಗಿದ್ದ ಮೇಪಲ್ ಮರದ್ದೇ ಹಲಗೆ. ಮೇಲೆ ಹಿತ್ತಾಳೆಯ ಕಂಬ, ಅದಕ್ಕೆ ಎರಡು ನಲ್ಲಿ, ಹಿಂದೆ ಬಿಳಿ ಟೈಲ್ಸ್, ತೊಟ್ಟಿಕ್ಕಿದ್ದು ಬೀಳಲು ಜಾಲರಿಯ ತಟ್ಟೆ. ದೇವರ ಗೂಡು ಇದ್ದದ್ದು ಎದುರು ಗೋಡೆಯಲ್ಲಿ. ಕೃಷ್ಣನನ್ನು ಜರುಗಿಸೋಣವೇ ಎಂದು ಮಗ ಕೇಳಿದ. ಅವನು ಯಾಕೆ ಜರುಗಬೇಕು, ಮೊದಲು ಬಂದವನು ಅವನೇ ಅಲ್ಲವೇ ಅಂದೆ.

ಕಂಬ ನಿಲ್ಲಿಸಲು ಫ್ರಿಜ್ಜಿನ ನೆತ್ತಿಯನ್ನು ಕೊರೆಯಬೇಕು. ಒಳಗೆಲ್ಲೋ ಅನಿಲದ ಸಣ್ಣ ಕೊಳವೆ ಹಾದುಹೋಗಿರುತ್ತದೆ. ಡ್ರಿಲ್ಲಿನ ಮೊನೆ ಅದಕ್ಕೆ ತಗುಲಿದರೆ ಫ್ರಿಜ್ಜೇ ಗುಜರಿಗೆ. ಒಂದು ಬೆಳಗ್ಗೆ ಎದ್ದು ಬಂದರೆ ಮಗ ಅದರ ತಲೆಯ ಮೇಲೆ ಬಿಳಿ ಹಿಟ್ಟು ಬಳಿದುಕೊಂಡು ಕೂತಿದ್ದಾನೆ, ಧನುರ್ಮಾಸದ ರಂಗೋಲಿ ಬಾಕಿ ಉಳಿದವನ ಹಾಗೆ. ಕಾರ್ನ್ ಫ್ಲೋರನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬಳಿದು ಕಂಪ್ರೆಸರ್ ಓಡಿಸಿದರೆ, ಬಿಸಿಯಾದ ಕೊಳವೆಯ ಮೇಲಿನ ಹಿಟ್ಟು ಮೊದಲು ಒಣಗಿ ಗೆರೆ ಮೂಡುತ್ತದಂತೆ. ಮೂಡಿತು! ಎಂಥ ಅಗ್ಗದ, ಎಂಥ ಸೊಗಸಾದ ಪ್ರಯೋಗ. ನನ್ನ ಸರ್ವೀಸಿನಲ್ಲಿ ಇದು ತಿಳಿದಿದ್ದರೆ ಉಷ್ಣವಾಹಕತೆಯ ಪಾಠಕ್ಕೆ ಒಂದು ಹಳೆ ಫ್ರಿಜ್ ತರಿಸುತ್ತಿದ್ದೆ.

ಒಳಗಿನ ಎರಡು ಸ್ಟೀಲ್ ಪೀಪಾಯಿಗಳಿಗೆ ಕಾರ್ನೀಲಿಯಸ್ ಕೆಗ್ ಎಂದು ಹೆಸರು. ಒಂದೊಂದೂ ಐದು ಗ್ಯಾಲನ್, ಸುಮಾರು 19 ಲೀಟರ್. ಇವು ಬಿಯರಿಗೆ ಹುಟ್ಟಿದವಲ್ಲ, ಹೋಟೆಲುಗಳಲ್ಲಿ ತಂಪು ಪಾನೀಯದ ಪಾಕ ತುಂಬಿಡಲು ಮಾಡಿದವು. ಆಮೇಲೆ ಪಾಕವೆಲ್ಲ ರಟ್ಟಿನ ಡಬ್ಬದೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿ ಇವು ನಿವೃತ್ತವಾದವು. ಮನೆಯಲ್ಲಿ ಬಿಯರ್ ಮಾಡುವವರು ಅಗ್ಗಕ್ಕೆ ಕೊಂಡರು. ನಿವೃತ್ತಿಯಾದವರನ್ನು ಯಾರಾದರೂ ಉಪಯೋಗಿಸಿಕೊಂಡರೆ ನನಗೆ ಯಾವಾಗಲೂ ಸಂತೋಷವೇ.

ನಮ್ಮ ಕಡೆ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಿದರೆ ಅಬಕಾರಿಯವರು ಬಾಗಿಲು ತಟ್ಟುತ್ತಾರೆ. ಇಲ್ಲೂ ಮೊದಲು ಹಾಗೇ ಇತ್ತಂತೆ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ, ಮನೆಯ ಬಳಕೆಗೆ ಮಾಡಿಕೊಂಡ ಬಿಯರಿಗೆ ತೆರಿಗೆಯಿಲ್ಲ ಎಂದಿತು. ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200. ನಾನು ಬಂದಿಳಿದದ್ದರಿಂದ ಮಗನ ಪಾಲು ಒಂದು ಹನಿಯೂ ಏರಲಿಲ್ಲ. ಅತ್ತೆ ಬಂದಾಗ ಏರದಿದ್ದುದು ಇದೊಂದೇ ಎಂದು ಸೊಸೆ ಮನಸ್ಸಿನಲ್ಲಿ ಅಂದುಕೊಂಡಿರಬಹುದು.

ಎಲ್ಲ ಜೋಡಿಸಿ ಹಳದಿ ಹಿಡಿ ಎಳೆದರೆ ಬಂದದ್ದು ಬರೀ ನೊರೆ. ಮಗ ಒಳಗೆಲ್ಲ ಅಚ್ಚುಕಟ್ಟಾಗಿ ಕಾಣಲೆಂದು ಪೈಪನ್ನು ಮೊಳದುದ್ದಕ್ಕೆ ಕತ್ತರಿಸಿದ್ದ. ಪೀಪಾಯಿಯಲ್ಲಿ 12 ಪಿಎಸ್‌ಐ ಒತ್ತಡ. ಅದನ್ನು ದಾರಿಯಲ್ಲೇ ತಿಂದುಹಾಕಲು ಕಿರಿದಾದ, ಉದ್ದನೆಯ ಪೈಪು ಬೇಕು. “ಉದ್ದ ಮಾಡೋ, ಸುರುಳಿ ಸುತ್ತಿಡು” ಅಂದೆ. ಮಾಡಿದ. ನೊರೆ ಅರ್ಧ ಇಳಿಯಿತು. ಉಳಿದರ್ಧಕ್ಕೆ ಕಾರಣ ಹಿತ್ತಾಳೆಯ ಕಂಬ: ಫ್ರಿಜ್ಜಿನೊಳಗೆ 3 ಡಿಗ್ರಿ, ಕಂಬದೊಳಗೆ ಅಡುಗೆಮನೆಯ ಬಿಸಿ. ದ್ರವ ಬೆಚ್ಚಗಾದಷ್ಟೂ ಅದರಲ್ಲಿ ಕರಗಿದ ಅನಿಲ ಹೊರಗೆ ಹಾರುತ್ತದೆ. ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನು ಕೂರಿಸಿ ತಣ್ಣನೆಯ ಗಾಳಿಯನ್ನು ಕಂಬಕ್ಕೆ ಊದಿಸಿದ ಮೇಲೆ ನಲ್ಲಿ ಸರಿಹೋಯಿತು.

ಆ ನೊರೆ ನೋಡುತ್ತ ನಮ್ಮನೆಯವರ ನೆನಪಾಯಿತು. ಸಂಬಳವಾದ ಶನಿವಾರ 650 ಮಿಲಿಯ ಒಂದೇ ಒಂದು ಬಾಟಲಿ ಹಳೇ ಪ್ರಜಾವಾಣಿಯಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಿತ್ತು. ಫ್ರಿಜ್ಜಿನಲ್ಲಿಡುವ ಮಾತೇ ಇಲ್ಲ, ನಮ್ಮತ್ತೆ ದಿನಕ್ಕೆ ಹತ್ತು ಸಲ ಅದನ್ನು ತೆಗೆಯುವವರು. ಬಾಟಲಿ ಬ್ಯಾಗಿನಲ್ಲೇ ಬೆಚ್ಚಗೆ ಕೂತಿದ್ದು, ಊಟಕ್ಕೆ ಮುಂಚೆ ಮಹಡಿ ಹತ್ತುತ್ತಿತ್ತು. “ನಕ್ಷತ್ರ ನೋಡ್ಕೊಂಡು ಬರ್ತೀನಿ” ಎನ್ನುವರು. ಆಷಾಢದಲ್ಲೂ ಅದೇ ಮಾತು. “ಮೋಡ ಕಣೋ ಇವತ್ತು” ಅಂತ ಅತ್ತೆ ಕೂಗಿ ಹೇಳುವರು, ಅವರಿಗೂ ಎಲ್ಲ ಗೊತ್ತು. ಇಳಿದು ಬರುವಾಗ ಅಂಗಿಯ ಎದೆಯ ಮೇಲೆ ಯಾವಾಗಲೂ ಒದ್ದೆ. ಬೆಚ್ಚನೆಯ ಬಾಟಲಿ ಮುಚ್ಚಳ ತೆಗೆದ ತಕ್ಷಣ ಉಕ್ಕುವುದು ಹೆನ್ರಿ ನಿಯಮ. ಅದನ್ನು ಕಾಲೇಜಿನ ಹುಡುಗಿಯರಿಗೆಲ್ಲ ಹೇಳಿಕೊಟ್ಟವಳು ನಾನು, ಆದರೆ ಮಹಡಿ ಹತ್ತಿ ಹೇಳುವ ಹಾಗಿರಲಿಲ್ಲ. ಅಪ್ಪ ಕತ್ತಲಲ್ಲಿ ಕುಡಿದದ್ದಕ್ಕೆ ಮಗ ಈಗ ಹಿತ್ತಾಳೆಯ ಕಂಬ ನಿಲ್ಲಿಸಿ, ಮೇಲೊಂದು ದೀಪ ಬೇರೆ ಇಟ್ಟಿದ್ದಾನೆ. ಅವರು ಇದ್ದಿದ್ದರೆ ಗ್ಲಾಸು ವಾರೆ ಹಿಡಿದು, ಹಿಡಿಯನ್ನು ಪೂರ್ತಿ ಎಳೆದು, ಎರಡು ಬೆರಳಷ್ಟು ನೊರೆ ನಿಲ್ಲಿಸಿ, ಕೂತು ಕುಡಿಯುತ್ತಿದ್ದರು. ಮೆಟ್ಟಿಲು ಹತ್ತುವುದಾದರೂ ತಪ್ಪುತ್ತಿತ್ತು.

ಪೈಪುಗಳನ್ನು ಹದಿನೈದು ದಿನಕ್ಕೊಮ್ಮೆ ತೊಳೆಯದಿದ್ದರೆ ಬಿಯರ್ ಹುಳಿ ಬರುತ್ತದಂತೆ. ಮಗ ಮರೆಯುತ್ತಿದ್ದ. ಏಕಾದಶಿಗೆ ಗೊತ್ತುಮಾಡಿದೆ. ನನಗೆ ಉಪವಾಸ, ಅವನಿಗೆ ಪೈಪು. ಈಗ ತಪ್ಪಿಲ್ಲ.

ಕೆಂಪು ಹಿಡಿಯ ನಲ್ಲಿ ಖಾಲಿಯೇ ಇತ್ತು. ರಾಮನವಮಿ ಹತ್ತಿರ ಬಂತು, ಹೊರಗೆ ಇನ್ನೂ ಹಿಮ. ಹೊಸ ರಬ್ಬರ್ ಉಂಗುರ ಹಾಕಿಸಿ, ಎರಡನೆಯ ಪೀಪಾಯಿಗೆ ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ, ಮೆಣಸಿನ ಪಾನಕ ತುಂಬಿ ಗ್ಯಾಸ್ ಬಿಡಿಸಿದೆ. ಸಿಹಿ ಪಾನೀಯಕ್ಕೆಂದೇ ಹುಟ್ಟಿದ ಪೀಪಾಯಿ, ತನ್ನ ಕೆಲಸ ಅದಕ್ಕೆ ಮರೆತಿರಲಿಲ್ಲ. “ಅತ್ತೆ, ತುಂಬ ದಿನ ಬಿಟ್ರೆ ಇದೂ ಬಿಯರೇ ಆಗೋದು” ಎಂದು ಸೊಸೆ ಎಚ್ಚರಿಸಿದಳು. ಬಿಡಲಿಲ್ಲ. ಮೊದಲ ಗ್ಲಾಸು ಎದುರು ಗೋಡೆಯ ಕೃಷ್ಣನಿಗೇ ನೈವೇದ್ಯವಾಯಿತು, ರಾಮನೂ ಅವನೇ ತಾನೆ. ಸಂಜೆ ಕನ್ನಡ ಕೂಟದವರು ಕೋಸಂಬರಿ ತಟ್ಟೆ ಹಿಡಿದು ಬಂದಾಗ ಹಳದಿ ಹಿಡಿಯನ್ನು ಕೇಳಿದವರು ಕಡಿಮೆ. ಕೆಂಪು ನಲ್ಲಿ ರಾತ್ರಿ ಎಂಟಕ್ಕೆಲ್ಲ ಗೊರಗೊರ ಎಂದು ಬರಿದಾಯಿತು.

ನೀವೂ ಮಾಡುವುದಾದರೆ ಒಂದು ಮಾತು: ಮೆಣಸಿನ ಪುಡಿಯನ್ನು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಇಲ್ಲದಿದ್ದರೆ ನಲ್ಲಿ ಕಟ್ಟಿಕೊಳ್ಳುತ್ತದೆ.