ತುಪ್ಪದ ಅಳತೆ

ಪರ್ತ್‌ನಲ್ಲಿ ನಾವು, ಬ್ರಿಸ್ಬೇನ್‌ನಲ್ಲಿ ತಮ್ಮ, ಅಡಿಲೇಡ್‌ನಲ್ಲಿ ಅಕ್ಕ. ಮೂರು ಮನೆಗಳಿಗೂ ಸಕ್ಕರೆ ಕಾಯಿಲೆ ಕಾಲಿಟ್ಟಾಗ ಅನ್ನ, ಮುದ್ದೆಗಳನ್ನು ತೊರೆದು ಕೀಟೋ ಪಥ್ಯ ಹಿಡಿದೆವು. ಕೊಬ್ಬು ತಿಂದಷ್ಟೂ ಕೊಬ್ಬು ಕರಗುವುದೆಂದು ನಂಬಿ ಕಾಫಿಗೂ ತುಪ್ಪ ಬೆರೆಸಿದೆವು. ಎರಡು ತಿಂಗಳಾದರೂ ನಮ್ಮ ತೂಕ ಇಳಿಯಲಿಲ್ಲ.

ಅಕ್ಕ ಲೆಕ್ಕ ಹೇಳಿದರು: ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ, ಕೊಬ್ಬಿನಲ್ಲಿ 9, ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 120. ಸುರಿದುಕೊಂಡ ತುಪ್ಪವನ್ನೇ ದೇಹ ಉರಿಸುತ್ತಿದ್ದರೆ ಸೊಂಟದ ಕೊಬ್ಬಿನ ಸರದಿ ಬರುವುದೆಂತು? 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕೀಟೋ ಪಥ್ಯ ರೂಪುಗೊಂಡದ್ದು ಮೂರ್ಛೆರೋಗಿಗಳಿಗಾಗಿ. ಅವರಿಗೆ ಕೊಬ್ಬೇ ಔಷಧ, ನಮಗಲ್ಲ. ಅಡಿಲೇಡ್‌ನಲ್ಲಿ ಸಿಎಸ್‌ಐಆರ್‌ಒ ವಿಜ್ಞಾನಿಗಳು ಅಭ್ಯಸಿಸಿದ ಕಡಿಮೆ ಪಿಷ್ಟದ ಆಹಾರಕ್ರಮವೂ ಬೆಣ್ಣೆ, ತುಪ್ಪಗಳಿಗಿಂತ ಬಾದಾಮಿ, ಬೆಣ್ಣೆಹಣ್ಣು, ಆಲಿವ್ ಎಣ್ಣೆಗಳನ್ನೇ ಮುಂದಿಡುತ್ತದೆ.

ಈಗ ನಮ್ಮ ತಟ್ಟೆಯಲ್ಲಿ ಮೊದಲು ಮೊಟ್ಟೆ, ಪನೀರು, ಮೊಸರು. ಬಳಿಕ ಸೊಪ್ಪು, ತರಕಾರಿ. ಒಗ್ಗರಣೆಗೆ ಬೇಕಾದಷ್ಟೇ ಎಣ್ಣೆ. ಹಸಿವು ತೀರಿದಲ್ಲಿಗೆ ಕೊಬ್ಬಿನ ಅಳತೆಯೂ ಮುಗಿಯಿತು. ತೂಕ ಮೆಲ್ಲನೆ ಇಳಿಯುತ್ತಿದೆ.

ಒಂದು ಮಾತು ಮಾತ್ರ ಮರೆಯಬಾರದು. ತಮ್ಮ ಇನ್ಸುಲಿನ್ ಪ್ರಮಾಣವನ್ನು ಬದಲಿಸದೆಯೇ ಅನ್ನ ಬಿಟ್ಟಿದ್ದ. ಒಂದು ಬೆಳಗ್ಗೆ ರಕ್ತದ ಸಕ್ಕರೆ ತೀರ ಇಳಿದು ಅಡುಗೆಮನೆಯಲ್ಲೇ ಕುಸಿದುಬಿದ್ದ. ಮಕ್ಕಳು ಎಚ್ಚರವಿದ್ದುದರಿಂದ ಉಳಿದ. ಔಷಧ ಸೇವಿಸುವ ಬಂಧುಗಳು ಪಥ್ಯಕ್ಕೆ ಮುನ್ನ ವೈದ್ಯರನ್ನು ಕಾಣಲೇಬೇಕು.